ಬೆಳ್ಳಕ್ಕಿಯ ಕಾಲು ಉದುರಿ ಹೋದ ಮೇಲೆ

ಡಿಸೆಂಬರ್ ಬಂತೆಂದರೆ ನಾನು ಚಂದ್ರಗಿರಿ ಹೊಳೆ ಬದಿಯಲ್ಲಿ ನಡೆಯುವುದು ಜಾಸ್ತಿ. ತುಲಾ ತಿಂಗಳ ಮಳೆ ನಿಂತಿರುತ್ತದೆ, ಬೆಳಿಗ್ಗೆ ನೀರಿನ ಮೇಲೆ ತೆಳುವಾಗಿ ಮಂಜು. ಕಾಸರಗೋಡು ಪೇಟೆಯಿಂದ ಸೇತುವೆ ದಾಟಿದರೆ ಆಚೆ ದಡದ ಗುಡ್ಡದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ. ಈ ನಡಿಗೆಯಲ್ಲಿ ಸಿಗುವ ಮೂರು ಗೋಡೆಗಳ ಮೇಲೆ ನಾನೂ ನಮ್ಮ ಶಾಲೆಯ ಮಕ್ಕಳೂ ಚಿತ್ರ ಬಿಡಿಸಿದ್ದೇವೆ. ಅದರಲ್ಲಿ ಒಂದನ್ನು ಎರಡು ಸಲ ಬಿಡಿಸಬೇಕಾಯಿತು.

ನಾನು ಡ್ರಾಯಿಂಗ್ ಮಾಷ್ಟ್ರು. ಪಾಲಕ್ಕಾಡು ಹತ್ತಿರದ ಮಲಂಪುಳ ಅಣೆಕಟ್ಟಿನ ತೋಟದಲ್ಲಿರುವ ದೊಡ್ಡ ಯಕ್ಷಿ ಶಿಲ್ಪವನ್ನು 1969ರಲ್ಲಿ ಮಾಡಿದ ಶಿಲ್ಪಿ ಕಾನಾಯಿ ಕುಞ್ಞಿರಾಮನ್ ನಮ್ಮ ಜಿಲ್ಲೆಯವರೇ, ಚೆರುವತ್ತೂರು ಕಡೆಯವರು. ಅವರ ಮಾತು ಬಂದಾಗ, ಟಿಕೆಟ್ ತೆಗೆದು ಒಳಗೆ ಹೋಗಿ ನೋಡುವ ಕಲೆ ಬೇರೆ, ಮೀನಿನ ಚೀಲ ಹಿಡಿದುಕೊಂಡು ಹೋಗುವಾಗ ಎದುರು ಬರುವ ಕಲೆ ಬೇರೆ ಅಂತ ಮಕ್ಕಳಿಗೆ ಹೇಳುತ್ತಿದ್ದೆ. ಹೇಳಿದ ಮೇಲೆ ಮಾಡಿ ತೋರಿಸಬೇಕಲ್ವಾ?

ಹೊಳೆಗೆ ಮುಖ ಮಾಡಿದ ಒಂದು ಕಂಪೌಂಡು ಗೋಡೆ ಸಿಕ್ಕಿತು. ಮನೆಯ ಯಜಮಾನರು, ನಾವು ಇಚ್ಚ ಅಂತ ಕರೆಯುವವರು, ಒಪ್ಪಿದರು. ನವೆಂಬರಿನಲ್ಲಿ ಒಂದು ದೊಡ್ಡ ಬೆಳ್ಳಕ್ಕಿ ಬಿಡಿಸಿದೆವು. ಫೋಟೋ ಮೇಲೆ ಚೌಕ ಎಳೆದು, ಅಷ್ಟೇ ಚೌಕವನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಎಳೆದು ದೊಡ್ಡದು ಮಾಡುವ ಹಳೇ ಉಪಾಯ. ಕೆಳಗೆ ಯಾವ ಭಾಷೆಯಲ್ಲಿ ಹೆಸರು ಬರೆಯುವುದು ಅಂತ ಚರ್ಚೆ ಶುರುವಾಯಿತು, ಕಾಸರಗೋಡಲ್ವಾ, ಆಗದೆ ಇರುತ್ತದೆಯೇ! ಕನ್ನಡದ ಬೆಳ್ಳಕ್ಕಿ, ಮಲಯಾಳದ ಕೊಕ್ಕ್, ತುಳುವಿನ ಕೊರುಂಗು, ಮೂರನ್ನೂ ಬರೆದೆವು. ಚಿತ್ರಕ್ಕಿಂತ ಅಕ್ಷರ ನೋಡಲು ನಿಂತವರೇ ಜಾಸ್ತಿ.

ಫೆಬ್ರವರಿಗೆ ಹಕ್ಕಿಯ ಕಾಲು ಇರಲಿಲ್ಲ. ಹೆಸರುಗಳೂ ಇರಲಿಲ್ಲ. ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರಿತ್ತು, ಹಿಂದೆ ಬಿಳಿ ಪುಡಿ. ನಾಲಗೆಗೆ ಇಟ್ಟು ನೋಡಿದೆ, ಉಪ್ಪು.

ತಪ್ಪು ನನ್ನದೇ. ಅಲ್ಲಿ ಉಬ್ಬರ ಬಂದಾಗ ಹೊಳೆಗೆ ಸಮುದ್ರದ ನೀರು ಏರುತ್ತದೆ. ಗೋಡೆಯ ಮುರಕಲ್ಲಿನಲ್ಲಿ, ಅಂದರೆ ಜಂಬಿಟ್ಟಿಗೆಯಲ್ಲಿ, ತುಂಬಾ ತೂತು, ಅದು ನೆಲದ ತೇವವನ್ನು ಬತ್ತಿಯ ಹಾಗೆ ಮೇಲಕ್ಕೆ ಎಳೆಯುತ್ತದೆ. ಚಳಿಗಾಲದ ಒಣ ಗಾಳಿಗೆ ನೀರು ಆರುತ್ತದೆ, ಉಪ್ಪು ಹರಳಾಗಿ ಅಲ್ಲೇ ಉಳಿಯುತ್ತದೆ, ಹೊರಗೆ ಬರಲು ದಾರಿ ಇಲ್ಲದೆ ಬಣ್ಣವನ್ನೇ ದೂಡುತ್ತದೆ. ದುಬಾರಿ ಪೈಂಟ್ ಹಾಕಿದರೂ ಅಷ್ಟೇ. ಅದು ಸಾಲದ್ದಕ್ಕೆ ನಾವು ಬೆಳಿಗ್ಗೆ ಏಳಕ್ಕೇ ಬ್ರಷ್ ಹಿಡಿದಿದ್ದೆವು, ಗೋಡೆ ಇಬ್ಬನಿಗೆ ಇನ್ನೂ ಒದ್ದೆ.

ಮರುವರ್ಷ ಡಿಸೆಂಬರ್ ಕೊನೆಯವರೆಗೂ ಕಾದೆವು. ತಂತಿ ಬ್ರಷ್ಷಿನಿಂದ ಉಜ್ಜಿ, ಪಾಚಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ ತೊಳೆದು, ಒಂದು ವಾರ ಬಿಸಿಲಿಗೆ ಬಿಟ್ಟೆವು. ಆಮೇಲೆ ಹೊರಗೋಡೆಯ ಪ್ರೈಮರ್, ಎರಡು ಕೋಟ್ ಎಮಲ್ಷನ್, ಎಲ್ಲವೂ ಹತ್ತು ಗಂಟೆಯ ನಂತರವೇ. ಒಂದು ಕಡೆ ಹೊಸ ಸಿಮೆಂಟ್ ಸಾರಣೆ ಮಾಡಿಸಿದ್ದೆವು. ಅಷ್ಟನ್ನು ಮಾತ್ರ 28 ದಿನ ಮುಟ್ಟಲಿಲ್ಲ, ಹಸಿ ಸಿಮೆಂಟಿನ ಕ್ಷಾರಕ್ಕೆ ಬಣ್ಣ ಸುಟ್ಟು ಹೋಗುತ್ತದೆ.

ಮುಖ್ಯವಾದದ್ದು ಕೆಳಗಿನ ಎರಡು ಅಡಿ. ಅಲ್ಲಿನ ಸಾರಣೆಯನ್ನು ಪೂರ್ತಿ ಕೆತ್ತಿ ತೆಗೆಸಿ, ಕಲ್ಲನ್ನು ಹಾಗೇ ಬಿಟ್ಟೆವು. ಉಪ್ಪು ಬರಲಿ, ಉದುರಲಿ, ನಾವು ಮಳೆಗಾಲಕ್ಕೆ ಮೊದಲು ಗುಡಿಸಿ ಹಾಕಿದರಾಯಿತು. ಹಾಗಾದರೆ ಕಾಲು ಎಲ್ಲಿ ಬಿಡಿಸುವುದು? ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹೇಳಿದಳು, "ಅದು ಕೆಸರಲ್ಲಿ ನಿಂತಿದೆ ಸರ್, ಕಾಲು ಕಾಣುವುದೇ ಬೇಡ." ಹೌದಲ್ಲ! ಬಣ್ಣ ಮುಗಿಯುವಲ್ಲಿ ಕಾಲನ್ನೂ ಮುಗಿಸಿದೆವು, ಕೆಳಗಿನ ಕೆಂಪು ಕಲ್ಲೇ ಕೆಸರು. ಹೆಸರುಗಳು ಈ ಸಲ ಕೊಕ್ಕಿನ ಹತ್ತಿರ, ಮೇಲೆ.

ಆಮೇಲೆ ಎರಡು ಮಳೆಗಾಲ ಕಳೆಯಿತು. ಮೊನ್ನೆ ಹೋದಾಗ ಕಲ್ಲಿನ ಮೇಲೆ ಉದ್ದಕ್ಕೆ ಬಿಳಿ ಗೆರೆ ಬಂದಿತ್ತು. ನಾನು ಪೊರಕೆ ಕೇಳಿದೆ. ಇಚ್ಚ ಕೊಡಲಿಲ್ಲ. "ಇರಲಿ ಮಾಷೇ, ನೀರು ಈಗಷ್ಟೇ ಇಳಿದ ಹಾಗೆ ಕಾಣ್ತದೆ."