ಲಾರಿಯ ಆಯಿಲ್ ನೀವೇ ಬದಲಿಸುವಿರಾ? ಡಬ್ಬಿಯ ಮೇಲಿನ ಅಕ್ಷರ ಮೊದಲು ಓದಿ

ಅಂಗಡಿಯಲ್ಲಿ ‘15ಡಬ್ಲ್ಯೂ-40 ಕೊಡಿ’ ಎಂದರೆ ಕೇಳಿದ್ದು ಅರ್ಧ ಮಾತ್ರ. ಆ ಅಂಕಿ ಆಯಿಲ್ ಎಷ್ಟು ಮಂದ ಎಂಬುದನ್ನಷ್ಟೇ ಹೇಳುತ್ತದೆ: 15ಡಬ್ಲ್ಯೂ ಎಂಬುದು ಚಳಿಯಲ್ಲಿನ ಹರಿವಿಗೆ, 40 ಎಂಬುದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಉಳಿಯುವ ಮಂದತೆಗೆ. ನಿಮ್ಮ ಎಂಜಿನ್‌ಗೆ ಅದು ಹೊಂದುತ್ತದೋ ಇಲ್ಲವೋ ಎಂಬುದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಎಂಬುದರ ಮುಂದಿರುವ ದರ್ಜೆಯ ಅಕ್ಷರಗಳಲ್ಲಿದೆ.

2020ರ ಏಪ್ರಿಲ್‌ನಿಂದ ಬಂದ, ಬಿಎಸ್6 ಎಂಬ ಹೊಗೆ ಮಿತಿಯ ನಿಯಮಕ್ಕೆ ಒಳಪಟ್ಟ ಡೀಸೆಲ್ ಲಾರಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಜಾಲರಿ, ಅಂದರೆ ಡಿಪಿಎಫ್ ಇರುತ್ತದೆ. ಅದರಲ್ಲಿ ಸಿಕ್ಕಿದ ಮಸಿ ಆಗಾಗ ಸುಟ್ಟುಹೋಗುತ್ತದೆ. ಆಯಿಲ್‌ನಲ್ಲಿ ಬೆರೆಸಿದ ಕ್ಯಾಲ್ಸಿಯಂ, ಸತುವಿನಂಥ ಪದಾರ್ಥಗಳ ಬೂದಿ ಮಾತ್ರ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಸಿಕೆ-4 ದರ್ಜೆಯಲ್ಲಿ ಈ ಬೂದಿಗೆ ಶೇ 1ರ ಮಿತಿ ಇದೆ. ಬಿಎಸ್6 ಲಾರಿಗೆ ಅದನ್ನೇ, ಅಥವಾ ಕೈಪಿಡಿ ಹೆಸರಿಸಿದ ದರ್ಜೆಯನ್ನೇ ಹಾಕಿ. ಹಳೆಯ ಬಿಎಸ್3, ಬಿಎಸ್4 ಲಾರಿಗಳಿಗೆ ಸಾಮಾನ್ಯವಾಗಿ ಸಿಐ-4 ಪ್ಲಸ್ ಸಾಕು. ಮನೆಯಲ್ಲಿ ಎರಡೂ ಬಗೆಯ ಗಾಡಿ ಇದ್ದರೆ ಸಿಕೆ-4 ಒಂದನ್ನೇ ತಂದಿಟ್ಟುಕೊಳ್ಳಬಹುದು, ಹಳೆಯದಕ್ಕೂ ನಡೆಯುತ್ತದೆ. ಅಗ್ಗ ಎಂದು ಸಿಐ-4 ತಂದು ಬಿಎಸ್6ಗೆ ಸುರಿದರೆ ಉಳಿಸಿದ ಕಾಸು ಡಿಪಿಎಫ್ ಬದಲಿಸಲಿಕ್ಕೇ ಸಾಲದು. ಎಫ್‌ಎ-4 ಎಂಬ ತೆಳು ಆಯಿಲನ್ನು ಕೈಪಿಡಿ ಒಪ್ಪದೆ ಹಾಕಲೇಬೇಡಿ.

ಇನ್ನು ಫಿಲ್ಟರ್. ಹೊರಗೆ ಒಂದೇ ಥರ ಕಾಣುವ ಎರಡು ಫಿಲ್ಟರ್‌ಗಳ ಒಳಗೆ ಬೇರೆ ಬೇರೆ ವಾಲ್ವ್ ಇರಬಹುದು. ಸೋಸುವ ಕಾಗದ ಕಟ್ಟಿಕೊಂಡಾಗ ಆಯಿಲ್‌ಗೆ ದಾರಿ ಬಿಡುವುದು ಬೈಪಾಸ್ ವಾಲ್ವ್. ಅದು ಯಾವ ಒತ್ತಡಕ್ಕೆ ತೆರೆಯಬೇಕು ಎಂಬುದು ಎಂಜಿನ್‌ನಿಂದ ಎಂಜಿನ್‌ಗೆ ಬದಲಾಗುತ್ತದೆ. ಕೆಲವು ಫಿಲ್ಟರ್‌ಗಳಲ್ಲಿ ಎಂಜಿನ್ ನಿಂತಾಗ ಆಯಿಲ್ ಕೆಳಗಿಳಿಯದಂತೆ ತಡೆಯುವ ರಬ್ಬರ್ ವಾಲ್ವ್ ಕೂಡ ಇರುತ್ತದೆ. ಅಡ್ಡ ಕೂರುವ ಫಿಲ್ಟರ್‌ನಲ್ಲಿ ಇದು ಕೆಟ್ಟರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಕಟಕಟ ಸದ್ದು ಕೇಳುತ್ತದೆ. ಹಾಗಾಗಿ ಮರೆ (ತಿರುಗಿಸಿ ಕೂರಿಸುವ ಥ್ರೆಡ್) ಹೊಂದುತ್ತದೆ ಎಂದು ಕೊಳ್ಳದೆ ಪಾರ್ಟ್ ನಂಬರ್ ನೋಡಿಯೇ ಕೊಳ್ಳಿ. ಹಳೆಯದಕ್ಕೆ ಬಣ್ಣ ಹೊಡೆದು ಮಾರುವವರಿದ್ದಾರೆ. ಮರೆಯಲ್ಲಿ ಗೀರು, ಅಂಚಿನಲ್ಲಿ ಪಾನದ (ಸ್ಪ್ಯಾನರ್) ಗುರುತು, ಒಳಗೆ ಜಿಡ್ಡಿನ ವಾಸನೆ ಇದ್ದರೆ ವಾಪಸ್ ಕೊಡಿ.

ಕೆಲಸಕ್ಕೆ ಇಳಿಯುವ ಮುನ್ನ ಲಾರಿ ಸಮತಟ್ಟಾದ ನೆಲದಲ್ಲಿರಲಿ. ಎಂಜಿನ್ ಹತ್ತು ನಿಮಿಷ ಓಡಿಸಿ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರದ ಎರಡೂ ಬದಿ ಮರದ ತುಂಡು ಕೊಡಿ. ಆಯಿಲ್ ಬೆಚ್ಚಗಿದ್ದರೆ ಮಸಿಯನ್ನೂ ಹೊತ್ತು ಇಳಿಯುತ್ತದೆ, ಆದರೆ ಕುದಿಯುವಷ್ಟು ಬಿಸಿ ಇದ್ದರೆ ಕೈ ಸುಡುತ್ತದೆ. ಮೇಲಿನ ಮುಚ್ಚಳ ತೆಗೆದು, ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಅಡಿಯ ಡ್ರೈನ್ ಬೋಲ್ಟ್ ಬಿಚ್ಚಿ ಕನಿಷ್ಠ 20 ನಿಮಿಷ ಬಿಡಿ. ಇಳಿಯುವ ಆಯಿಲ್ ಕಪ್ಪಗಿದ್ದರೆ ಚಿಂತೆಯಿಲ್ಲ, ಡೀಸೆಲ್ ಎಂಜಿನ್‌ನಲ್ಲಿ ಅದು ಸಹಜ. ಹಾಲು ಬೆರೆತ ಚಹಾದಂತಿದ್ದರೆ ಕೂಲಂಟ್ ಸೇರಿದೆ. ತೆಳ್ಳಗಾಗಿ ಡೀಸೆಲ್ ನಾತ ಬಂದರೆ ಇಂಜೆಕ್ಟರ್ ತೋರಿಸಿ. ಬೋಲ್ಟ್‌ನಲ್ಲಿ ಆಯಸ್ಕಾಂತವಿದ್ದರೆ ಅದಕ್ಕಂಟಿದ ನುಣ್ಣನೆಯ ಬೂದುಬಣ್ಣದ ಪೇಸ್ಟ್ ಸವೆತದ ಮಾಮೂಲಿ ಗುರುತು. ಉಗುರಿಗೆ ಸಿಗುವಂಥ ಚೂರುಗಳಿದ್ದರೆ ಹೊಸ ಆಯಿಲ್ ಹಾಕುವ ಮೊದಲು ಮೆಕ್ಯಾನಿಕ್ ಕರೆಯಿರಿ.

ಫಿಲ್ಟರ್ ಬಿಚ್ಚಿದ ಕೂಡಲೇ ಅದರ ಬಾಯಲ್ಲಿ ಹಳೆಯ ರಬ್ಬರ್ ಉಂಗುರ ಬಂದಿದೆಯೇ ನೋಡಿ. ಎಂಜಿನ್‌ಗೇ ಅಂಟಿಕೊಂಡು ಉಳಿದು, ಅದರ ಮೇಲೆ ಹೊಸದು ಕೂತರೆ ಒತ್ತಡಕ್ಕೆ ಜಾರಿ ಕೆಲವೇ ನಿಮಿಷದಲ್ಲಿ ಚೇಂಬರ್ ಖಾಲಿಯಾಗುತ್ತದೆ. ಬೋರ್ (ಎಂಜಿನ್ ಸಿಲಿಂಡರ್) ಹೋಗಲು ಇದೂ ಒಂದು ಕಾರಣ. ಆ ಜಾಗವನ್ನು ಬನಿಯನ್ ವೇಸ್ಟ್‌ನಿಂದ ಒರೆಸಿ, ಹೊಸ ಉಂಗುರಕ್ಕೆ ಬೆರಳಲ್ಲಿ ಆಯಿಲ್ ಸವರಿ. ಫಿಲ್ಟರ್ ತುಂಬಿಸಿ ಕೂರಿಸಲು ಕೈಪಿಡಿ ಹೇಳಿದ್ದರೆ ಸುತ್ತಲಿನ ಸಣ್ಣ ತೂತುಗಳಿಂದಲೇ ಸುರಿಯಿರಿ. ನಡುವಿನ ದೊಡ್ಡ ತೂತಿನಿಂದ ಹೋದದ್ದು ಸೋಸದೆ ನೇರ ಬೇರಿಂಗ್‌ಗೆ ಹೋಗುತ್ತದೆ. ಉಂಗುರ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಸಾಕು, ಡಬ್ಬದ ಮೇಲೆ ಬೇರೆ ಬರೆದಿದ್ದರೆ ಅದರಂತೆ. ಪಾನ ಹಾಕಿ ಬಿಗಿದರೆ ಉಂಗುರ ಹಿಸುಕುತ್ತದೆ.

ಡ್ರೈನ್ ಬೋಲ್ಟ್‌ಗೆ ಪ್ರತಿ ಸಲ ಹೊಸ ವಾಷರ್ ಹಾಕಿ, ಕೈಪಿಡಿ ಹೇಳಿದ ಟಾರ್ಕ್‌ಗೆ, ಅಂದರೆ ಅಷ್ಟೇ ಬಲಕ್ಕೆ ಬಿಗಿಯಿರಿ. ಕೈಪಿಡಿ ಫಿಲ್ಟರ್ ಸೇರಿ 16 ಲೀಟರ್ ಎಂದರೆ ಮೊದಲು 15 ಹಾಕಿ. ಸ್ಟಾರ್ಟ್ ಮಾಡಿ, ಆಯಿಲ್ ಒತ್ತಡದ ದೀಪ ಆರುವವರೆಗೆ ಆಕ್ಸಿಲರೇಟರ್ ತುಳಿಯಬೇಡಿ: ಟರ್ಬೊ ಬೇರಿಂಗ್‌ಗೆ ಆಗಿನ್ನೂ ಆಯಿಲ್ ತಲುಪಿರುವುದಿಲ್ಲ. ಹದಿನೈದು ಸೆಕೆಂಡಾದರೂ ದೀಪ ಆರದಿದ್ದರೆ ಆಫ್ ಮಾಡಿ. ಆರಿದರೆ ಎರಡು ನಿಮಿಷ ಓಡಿಸಿ ನಿಲ್ಲಿಸಿ, ಫಿಲ್ಟರ್ ಮತ್ತು ಬೋಲ್ಟ್ ಸುತ್ತ ಟಾರ್ಚ್ ಹಿಡಿದು ಸೋರಿಕೆ ನೋಡಿ. ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಅಳತೆ ನೋಡುತ್ತಾ ಉಳಿದದ್ದನ್ನು ಸ್ವಲ್ಪ ಸ್ವಲ್ಪವೇ ಸೇರಿಸಿ. ಮೇಲಿನ ಗೀಟು ದಾಟಿದರೆ ಕ್ರ್ಯಾಂಕ್ ಬಡಿದು ನೊರೆ ಏಳುತ್ತದೆ, ನೊರೆಯಲ್ಲಿ ಒತ್ತಡ ನಿಲ್ಲುವುದಿಲ್ಲ. ಬಿಎಸ್6 ಗಾಡಿಯಲ್ಲಿ ಮುಂದಿನ ದಿನಗಳಲ್ಲಿ ಅಳತೆ ತಾನಾಗಿ ಮೇಲೇರುತ್ತಿದ್ದರೆ ಡಿಪಿಎಫ್‌ನ ಮಸಿ ಸುಡಲು ಸಿಂಪಡಿಸಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತಿರಬಹುದು, ತಡಮಾಡದೆ ತೋರಿಸಿ.

ಹಳೆಯ ಆಯಿಲ್ ಚರಂಡಿಗೆ ಹೋಗಕೂಡದು. ಭಾರತದಲ್ಲಿ ಅದು ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಪರವಾನಗಿ ಇರುವ ಮರುಬಳಕೆದಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ. ಉಳಿದ ಖಾಲಿ ಡಬ್ಬಿಗಳನ್ನು ಗುಜರಿಗೆ ಹಾಕುವ ಮುನ್ನ ಕತ್ತರಿಸಿ, ಹಳೆಯ ಫಿಲ್ಟರ್ ಬಸಿದ ಮೇಲೆ ಮೊಳೆ ಹೊಡೆದು ತೂತು ಮಾಡಿ. ನಕಲಿ ಮಾಲು ಮಾಡುವವರಿಗೆ ಬೇಕಾದದ್ದು ಇವೇ.