ರಾಗಿ ಸುಂಕು ಕಣ್ಣಿಗೆ ಬಿದ್ದರೆ

ಹೋದ ಜನವರಿಯಲ್ಲಿ ಮಧುಗಿರಿ ಹತ್ತಿರದ ನಮ್ಮೂರ ಕಣದಲ್ಲಿ ಅಮ್ಮ ರಾಗಿ ತೂರುತ್ತಿದ್ದಳು. ಸುಂಕು ಹಾರಿ ಬಲಗಣ್ಣಿಗೆ ಬಿತ್ತು. ಸೆರಗಿನ ತುದಿಯಲ್ಲಿ ಉಜ್ಜಿಕೊಂಡಳು. ಮಾರನೇ ದಿನ ಕಣ್ಣು ಕೆಂಪಾಯಿತು. ನಾನು ಮೆಡಿಕಲ್ ಸ್ಟೋರಿನಿಂದ ಒಂದು ಡ್ರಾಪ್ಸ್ ತಂದು ಹಾಕಿದೆ. ಅದರಲ್ಲಿ ಸ್ಟೀರಾಯ್ಡ್, ಅಂದರೆ ಊತ, ಕೆಂಪು ಇಳಿಸುವ ಔಷಧಿ, ಇತ್ತು. ಎರಡು ದಿನ ಕೆಂಪು ಇಳಿಯಿತು. ಆರನೇ ದಿನ ಕಪ್ಪುಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡಿತು. ಫಂಗಸ್ (ಬೂಷ್ಟು) ಇರುವ ಗಾಯಕ್ಕೆ ಸ್ಟೀರಾಯ್ಡ್ ಬಿದ್ದರೆ ಅದು ಇನ್ನೂ ಒಳಗೆ ಇಳಿಯುತ್ತದೆ ಅಂತ ಆಮೇಲೆ ತಿಳಿಯಿತು. ನಾನು ಮಾಡಿದ್ದನ್ನು ದಯವಿಟ್ಟು ನೀವು ಮಾಡಬೇಡಿ.

ಕಣ್ಣಿಗೆ ಏನಾದರೂ ಬಿದ್ದರೆ ಉಜ್ಜಬೇಡಿ. ಕೈ ತೊಳೆದು, ಶುದ್ಧ ನೀರು ಹರಿಸಿ. ನಾಲಿಗೆಯಲ್ಲಿ ಕಸ ತೆಗೆಯುವುದು, ಎದೆಹಾಲು ಬಿಡುವುದು, ನಂದಿಬಟ್ಟಲು ರಸ ಹಿಂಡುವುದು ನಮ್ಮ ಕಡೆ ಇನ್ನೂ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಗಾಯಕ್ಕೆ ಸೋಂಕು ಸೇರುತ್ತದೆ. ನೋವು, ನೀರು, ಮಂಜು ಒಂದು ದಿನದಲ್ಲಿ ಹೋಗದಿದ್ದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಬಿಳಿ ಚುಕ್ಕೆ ಕಂಡರೆ ಅವತ್ತೇ ಹೊರಡಿ. ಕಾರ್ನಿಯಾ, ಅಂದರೆ ಕಪ್ಪುಗುಡ್ಡೆಯ ಮುಂದಿರುವ ಗಾಜಿನಂಥ ಪದರ, ಬರೀ ಅರ್ಧ ಮಿಲಿಮೀಟರ್ ದಪ್ಪ. ಅದರಲ್ಲಿ ರಕ್ತನಾಳ ಇಲ್ಲ, ಹಾಗಾಗಿ ಗಾಯ ಮಾಯುವುದು ನಿಧಾನ.

ತುಮಕೂರಿನಲ್ಲಿ ಡಾಕ್ಟರು ಮರಗಟ್ಟಿಸುವ ಹನಿ ಹಾಕಿ, ಗಾಯವನ್ನು ಸ್ವಲ್ಪ ಕೆರೆದು ಸ್ಲೈಡಿಗೆ ಹಚ್ಚಿ ನೋಡಿದರು. ಫಂಗಸ್ಸೇ. ಫಂಗಸ್ ಕೊಲ್ಲುವ ನಾಟಮೈಸಿನ್ ಡ್ರಾಪ್ಸ್ ಬರೆದರು. ಮೊದಲ ದಿನಗಳಲ್ಲಿ ಹಗಲೂ ರಾತ್ರಿ ಗಂಟೆಗೊಂದು ಹನಿ. ಕಷ್ಟ ಇರುವುದೇ ಇಲ್ಲಿ. ಒಬ್ಬರ ಕೈಲಿ ಆಗುವುದಿಲ್ಲ. ರಾತ್ರಿ ಎರಡು ಗಂಟೆ ತನಕ ನಾನು, ಆಮೇಲೆ ತಂಗಿ. ಮೊಬೈಲಲ್ಲಿ ಅಲಾರಂ, ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು. ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಔಷಧಿ ತಳಕ್ಕೆ ಕೂತಿರುತ್ತದೆ. ಕೆಳರೆಪ್ಪೆ ಎಳೆದು ಒಂದೇ ಹನಿ ಬಿಡಿ. ಬಾಟಲಿಯ ಮೂತಿ ಕಣ್ಣಿಗೆ ತಾಗಬಾರದು. ಇನ್ನೊಂದು ಡ್ರಾಪ್ಸ್ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ. ಈ ಔಷಧಿ ಕಣ್ಣಲ್ಲಿ ಬೆಳ್ಳಗೆ ಅಂಟಿ ಕೂರುತ್ತದೆ, ನಾವು ಸುಮ್ನೆ ಗಾಬರಿಯಾಗಿದ್ದೆವು. ಕಣ್ಣಿಗೆ ಬಟ್ಟೆ ಕಟ್ಟಬೇಡಿ. ನೋವು ಹೋಯಿತು ಅಂತ ನೀವೇ ನಿಲ್ಲಿಸಬೇಡಿ. ಅಮ್ಮನಿಗೆ ಎರಡು ತಿಂಗಳು ಹಿಡಿಯಿತು.

ಮಾಯ್ದ ಮೇಲೆ ಕಲೆ ಉಳಿಯುತ್ತದೆ, 'ಕಣ್ಣಲ್ಲಿ ಹೂವು ಬಿದ್ದಿದೆ' ಅಂತೀವಲ್ಲ, ಅದೇ. ದಟ್ಟ ಕಲೆ ನಟ್ಟನಡುವೆ ಇದ್ದರೆ ಕನ್ನಡಕ ಸಾಲುವುದಿಲ್ಲ, ದಾನಿಯ ಕಾರ್ನಿಯಾ ಕಸಿ ಮಾಡಬೇಕಾಗುತ್ತದೆ. ಕಾರ್ನಿಯಾ ಸಿಗಬೇಕಾದರೆ ಯಾರೋ ಕೊಡಬೇಕು ಅಲ್ವಾ? ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಬೇಗ ಕಣ್ಣಿನ ಬ್ಯಾಂಕಿಗೆ ಫೋನ್ ಮಾಡಿ, 6 ಗಂಟೆಯೊಳಗೆ ತೆಗೆಯಬೇಕು. ಅವರು ಬರುವ ತನಕ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆ ಸ್ವಲ್ಪ ಎತ್ತರಿಸಿ, ಫ್ಯಾನ್ ಆರಿಸಿ.

ಅಮ್ಮನ ಹೂವು ಅಂಚಿಗೆ ನಿಂತಿದೆ, ಓದಲು ಆಗುತ್ತದೆ. ಈ ಸಲ ಒಕ್ಕಣೆಗೆ ಮೂರು ಪ್ಲಾಸ್ಟಿಕ್ ಕನ್ನಡಕ ತಂದೆ, ಪಕ್ಕದಲ್ಲೂ ಮುಚ್ಚುವಂಥವು. ಒಂದು ಅಮ್ಮನಿಗೆ, ಒಂದು ನನಗೆ. ಇನ್ನೊಂದನ್ನು ಕಣದ ಬೇವಿನ ಮರಕ್ಕೆ ನೇತು ಹಾಕಿದ್ದೇನೆ, ಕೆಲಸಕ್ಕೆ ಬಂದವರು ಯಾರು ತೂರಿದರೂ ಹಾಕಿಕೊಳ್ಳಲಿ ಅಂತ.