ಕಾಗದದ ಷಟ್ಕೋನಗಳಿಗೆ ಯಂತ್ರದ ಹೊಲಿಗೆ: ನನ್ನ ಅನುಭವ

ಕಾಗದದ ಅಚ್ಚಿನ ಮೇಲೆ ಬಟ್ಟೆಯನ್ನು ಮಡಚಿ, ಹಾಗೆ ಸಿದ್ಧವಾದ ಷಟ್ಕೋನಗಳನ್ನು ಅಂಚಿಗೆ ಅಂಚು ಕೂಡಿಸಿ ಮಾಡುವ ಹೊದಿಕೆಯನ್ನು ಕೈಯಲ್ಲೇ ಹೊಲಿಯಬೇಕು, ಯಂತ್ರಕ್ಕೆ ಅದು ಒಗ್ಗದು ಎಂದು ಈ ಕೆಲಸ ಬಲ್ಲ ಅನೇಕರು ಹೇಳುತ್ತಾರೆ. ಧಾರವಾಡದ ನಮ್ಮ ಮನೆಯಲ್ಲಿ ನಾನು ಇಂಥ ಹೊದಿಕೆಗಳನ್ನು ಜಿಗ್‌ಜಾಗ್ ಹೊಲಿಗೆ ಬರುವ ಸಾಧಾರಣ ಯಂತ್ರದಲ್ಲೇ ಹೊಲಿಯುತ್ತ ಬಂದಿದ್ದೇನೆ. ಯಂತ್ರದ ಮುಂದೆ ಕುಳಿತು ಮಾಡುವ ಕೆಲಸ ಇದರಲ್ಲಿ ಕಾಲು ಭಾಗವೂ ಇಲ್ಲ. ಕಾಗದವನ್ನು ಎಷ್ಟು ನಿಖರವಾಗಿ ಕತ್ತರಿಸುತ್ತೇವೆ, ಬಟ್ಟೆಯನ್ನು ಅದಕ್ಕೆ ಎಷ್ಟು ಬಿಗಿಯಾಗಿ ಮಡಚುತ್ತೇವೆ, ಯಾವ ಕ್ರಮದಲ್ಲಿ ಕೂಡಿಸುತ್ತೇವೆ ಎಂಬುದರ ಮೇಲೆ ಹೊದಿಕೆ ಸಪಾಟಾಗಿ ಮಲಗುತ್ತದೆಯೋ ಇಲ್ಲವೋ ಎಂಬುದು ತೀರ್ಮಾನವಾಗಿರುತ್ತದೆ. ಆದ್ದರಿಂದ ಈ ಬರಹದಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಈ ವಿಧಾನ ಬೆಳೆದದ್ದು ಇಂಗ್ಲೆಂಡಿನಲ್ಲಿ. ಕಾಗದದ ಮೇಲೆ ಮಡಚಿ ಜೋಡಿಸಿದ, 1718 ಎಂಬ ಇಸವಿಯನ್ನು ಹೊತ್ತ ರೇಷ್ಮೆಯ ಹೊದಿಕೆಯೊಂದು ಬ್ರಿಟನ್ನಿನ ಹೊದಿಕೆ ಹೊಲಿಯುವವರ ಸಂಘವಾದ ಕ್ವಿಲ್ಟರ್ಸ್ ಗಿಲ್ಡ್‌ನ ಸಂಗ್ರಹದಲ್ಲಿದೆ. ಹದಿನೆಂಟನೆಯ ಶತಮಾನದ ಅಲ್ಲಿನ ಜೋಡಣೆ ಕೆಲಸಗಳಲ್ಲಿ ನಮ್ಮ ದೇಶದಿಂದ ಹೋದ ಛೀಂಟಿನ, ಅಂದರೆ ಬಣ್ಣದ ಚಿತ್ತಾರದ ಹತ್ತಿ ಬಟ್ಟೆಯ, ತುಂಡುಗಳೂ ಸೇರಿವೆ. 1920 ಮತ್ತು 1930ರ ದಶಕಗಳಲ್ಲಿ ಅಮೆರಿಕದ ಮನೆಮನೆಗಳಲ್ಲಿ ‘ಅಜ್ಜಿಯ ಹೂದೋಟ’ ಎಂಬ ಹೆಸರಿನಿಂದ ಪ್ರಸಿದ್ಧವಾದ ವಿನ್ಯಾಸವೂ ಷಟ್ಕೋನಗಳದ್ದೇ. ನಮ್ಮ ಕಡೆಯ ಕೌದಿಯಲ್ಲಿ ಹಳೆಯ ಸೀರೆ, ಧೋತರಗಳ ಪದರದ ಮೇಲೆ ತುಂಡುಗಳನ್ನಿಟ್ಟು ಎಲ್ಲವನ್ನೂ ಒಟ್ಟಿಗೆ ಸೇರಿಸಿ ಓಡುಹೊಲಿಗೆ ಹಾಕುತ್ತಾರೆ. ಹಾಗಾಗಿ ತುಂಡಿನ ಅಳತೆ ತುಸು ಹೆಚ್ಚುಕಡಿಮೆಯಾದರೂ ಕೌದಿಗೆ ಧಕ್ಕೆ ಇಲ್ಲ. ಷಟ್ಕೋನದ ಕೆಲಸದಲ್ಲಿ ಅಂಚುಗಳು ಒಂದನ್ನೊಂದು ಮುಟ್ಟಿ ನಿಲ್ಲಬೇಕಾದ್ದರಿಂದ ಅಳತೆಗೆ ಅಂಥ ಸಡಿಲ ಸಿಗುವುದಿಲ್ಲ.

ಷಟ್ಕೋನದ ಗಾತ್ರವನ್ನು ಅದರ ಒಂದು ಭುಜದ ಉದ್ದದಿಂದ ಹೇಳುವುದು ವಾಡಿಕೆ. ಯಂತ್ರದ ಕೆಲಸಕ್ಕೆ ನಾನು ಒಂದೂವರೆ ಇಂಚಿನ ಭುಜವನ್ನು ಆರಿಸಿಕೊಂಡಿದ್ದೇನೆ. ಅದರಲ್ಲಿ ಮೂಲೆಯಿಂದ ಮೂಲೆಗೆ 3 ಇಂಚು, ಎದುರುಬದುರು ಭುಜಗಳ ನಡುವೆ ಸುಮಾರು 2.6 ಇಂಚು ಬರುತ್ತದೆ. 60 ಇಂಚು ಅಗಲ, 90 ಇಂಚು ಉದ್ದದ ಹೊದಿಕೆಗೆ ಸಾಲಿಗೆ 23ರಂತೆ 40 ಸಾಲು, ಅಂದರೆ 920 ತುಂಡುಗಳು ಬೇಕಾಗುತ್ತವೆ. ಅದೇ ಹೊದಿಕೆಯನ್ನು ಒಂದು ಇಂಚಿನ ಭುಜದಲ್ಲಿ ಮಾಡಹೊರಟರೆ ತುಂಡುಗಳ ಸಂಖ್ಯೆ 2000 ದಾಟುತ್ತದೆ. ಸಣ್ಣ ತುಂಡು ನೋಡಲು ಚೆಂದ ನಿಜ, ಆದರೆ ಪ್ರತಿ ಒಂದು ಇಂಚಿಗೆ ಸೂಜಿ ನಿಲ್ಲಿಸಿ ತಿರುಗಿಸಬೇಕಾಗಿ ಬಂದಾಗ ಯಂತ್ರದಿಂದ ಸಿಗುವ ಅನುಕೂಲವೇ ಉಳಿಯುವುದಿಲ್ಲ.

ಕಾಗದದ ವಿಷಯದಲ್ಲಿ ಕೈಹೊಲಿಗೆಯವರ ಸಲಹೆ ಯಂತ್ರಕ್ಕೆ ಹೊಂದುವುದಿಲ್ಲ. ಅವರು ದಪ್ಪ ಕಾರ್ಡನ್ನು ಬಯಸುತ್ತಾರೆ, ಏಕೆಂದರೆ ಅವರ ಸೂಜಿ ಮಡಿಕೆಯ ಎರಡೆಳೆ ನೂಲನ್ನಷ್ಟೇ ಹಿಡಿಯುತ್ತದೆ, ಕಾಗದವನ್ನು ಚುಚ್ಚುವುದಿಲ್ಲ. ಒಂದೇ ಕಾರ್ಡನ್ನು ಹಲವು ಬಾರಿ ಬಳಸಬಹುದು. ಜಿಗ್‌ಜಾಗ್ ಹೊಲಿಗೆಯ ಸೂಜಿ ಅಂಚಿನ ಗುಂಟ ಕಾಗದವನ್ನೂ ಚುಚ್ಚಿಕೊಂಡೇ ಹೋಗುತ್ತದೆ. ಕಾಗದ ತೀರಾ ದಪ್ಪವಾಗಿದ್ದರೆ ಆಮೇಲೆ ಹರಿದು ತೆಗೆಯುವಾಗ ಹೊಲಿಗೆಯನ್ನೇ ಎಳೆದುಬಿಡುತ್ತದೆ, ತೀರಾ ತೆಳುವಾಗಿದ್ದರೆ ಮಡಚುವಾಗಲೇ ಮೂಲೆ ಬಾಗುತ್ತದೆ. ನಾನು 100ರಿಂದ 120 ಜಿಎಸ್‌ಎಮ್‌ನ (ಒಂದು ಚದರ ಮೀಟರ್ ಕಾಗದದ ಗ್ರಾಂ ತೂಕ), ಹೊಳಪು ಲೇಪನವಿಲ್ಲದ ಬಿಳಿ ಹಾಳೆಯನ್ನು ಬಳಸುತ್ತೇನೆ. ಮನೆಯಲ್ಲಿ ರಾಶಿ ಬೀಳುವ ಲಗ್ನಪತ್ರಿಕೆಗಳನ್ನು ಕಂಡರೆ ಯಾರಿಗೂ ಆಸೆಯಾಗುತ್ತದೆ, ಆದರೆ ಅವು ಈ ಕೆಲಸಕ್ಕೆ ಬೇಡ. ಅವುಗಳ ದಪ್ಪವೂ ಹೆಚ್ಚು, ಅಚ್ಚಾದ ಬಣ್ಣ ಇಸ್ತ್ರಿಯ ಕಾವಿಗೆ ಬಟ್ಟೆಗೆ ಹತ್ತುವ ಭಯವೂ ಇದೆ. ಒಂದು ಎ4 ಹಾಳೆಯಲ್ಲಿ ಈ ಗಾತ್ರದ ಹತ್ತು ಷಟ್ಕೋನಗಳು ನಿರಾಯಾಸವಾಗಿ ಹಿಡಿಸುತ್ತವೆ. ಮುದ್ರಿಸುವಾಗ ಅಳತೆ ನೂರಕ್ಕೆ ನೂರು ಇರುವಂತೆ ಆಯ್ಕೆ ಮಾಡಿ, ಮೊದಲ ಹಾಳೆಯನ್ನು ಸ್ಟೀಲ್ ಪಟ್ಟಿಯಿಂದ ಅಳೆದು ನೋಡಿದ ಮೇಲೆಯೇ ಉಳಿದವನ್ನು ತೆಗೆಯುವುದು ಒಳ್ಳೆಯದು. ಕತ್ತರಿಯಿಂದ ಕತ್ತರಿಸಿದರೆ ಭುಜಗಳು ತುಸು ಬಾಗುವುದರಿಂದ ನಾಲ್ಕು ಹಾಳೆಗಳನ್ನು ಒಟ್ಟಿಗೆ ಪಿನ್ ಹೊಡೆದು, ಸ್ಟೀಲ್ ಪಟ್ಟಿಯಿಟ್ಟು, ಹರಿತವಾದ ಕಟರ್‌ನಿಂದ ಕೊಯ್ಯುತ್ತೇನೆ.

ಇಷ್ಟು ಕಟ್ಟುನಿಟ್ಟು ಏಕೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಪ್ರತಿ ತುಂಡು ಅರ್ಧ ಮಿಲಿಮೀಟರ್ ಮಾತ್ರ ಹೆಚ್ಚು ಅಗಲವಿದ್ದರೂ 23 ತುಂಡುಗಳ ಸಾಲಿನ ಕೊನೆಯಲ್ಲಿ ಆ ವ್ಯತ್ಯಾಸ ಹನ್ನೊಂದು ಮಿಲಿಮೀಟರ್ ದಾಟುತ್ತದೆ. ಆಗ ಪಕ್ಕದ ಸಾಲಿನ ಚೂಪುಗಳು ಈ ಸಾಲಿನ ಕಣಿವೆಗಳಲ್ಲಿ ಕೂರುವುದಿಲ್ಲ. ಕೈಯಲ್ಲಿ ಹೊಲಿಯುವವರು ಒಂದೊಂದೇ ಅಂಚನ್ನು ಸ್ವಲ್ಪ ಸ್ವಲ್ಪ ಎಳೆದು ಸರಿದೂಗಿಸಿಕೊಳ್ಳಬಲ್ಲರು. ಯಂತ್ರ ಆ ಉದಾರತೆಯನ್ನು ತೋರುವುದಿಲ್ಲ.

ಬಟ್ಟೆಗೆ ಹತ್ತಿಯೇ ಬೇಕು. ಹೊಸ ಹತ್ತಿ ಬಟ್ಟೆಯಾದರೆ ಮೊದಲು ನೆನೆಸಿ ಒಣಗಿಸಿ, ಕೆಂಪು ಮತ್ತು ನೀಲಿ ಬಣ್ಣಗಳು ಬಿಡುತ್ತವೆಯೇ ಎಂದು ಒದ್ದೆ ಬಿಳಿ ಅರಿವೆಯಿಂದ ಒರೆಸಿ ನೋಡುತ್ತೇನೆ. ಹಳೆಯ ಹತ್ತಿ ಸೀರೆಗಳು ಮೃದುವಾಗಿ ಜಾರುವುದರಿಂದ ಅವುಗಳಿಗೆ ತೆಳುವಾದ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಳಿಕವೇ ಕತ್ತರಿಸಬೇಕು. ಬಟ್ಟೆಯನ್ನು ಷಟ್ಕೋನದ ಆಕಾರಕ್ಕೇ ಕತ್ತರಿಸುವ ಅಗತ್ಯವಿಲ್ಲ. 3¼ ಇಂಚಿನ ಪಟ್ಟಿಗಳನ್ನು ಕೊಯ್ದು, ಅವನ್ನು 3¾ ಇಂಚಿನ ಆಯತಗಳಾಗಿ ಮಾಡಿಕೊಂಡು, ಕಾಗದವನ್ನು ನಡುವಿಗಿಟ್ಟು ಮೂಲೆಗಳನ್ನು ಸವರಿದರೆ ಸುತ್ತಲೂ ಕಾಲು ಇಂಚಿನ ಮಾರ್ಜಿನ್ ಉಳಿಯುತ್ತದೆ. ಷಟ್ಕೋನದಲ್ಲಿ ಎರಡು ಭುಜಗಳು ಮಾತ್ರ ನೇರ ನೂಲಿನ ಗುಂಟ ಬರಲು ಸಾಧ್ಯ, ಉಳಿದ ನಾಲ್ಕು ಓರೆಯಾಗಿಯೇ ಬರುತ್ತವೆ. ಓರೆ ಅಂಚು ಹಿಗ್ಗುತ್ತದೆ, ಬಟ್ಟೆಯನ್ನು ಕೆಳಗಿನಿಂದ ಮುಂದಕ್ಕೆ ಸರಿಸುವ ಯಂತ್ರದ ಹಲ್ಲುಗಳು ಅದನ್ನು ಇನ್ನಷ್ಟು ಎಳೆಯುತ್ತವೆ. ಆ ಎಳೆತವನ್ನು ತಡೆಯುವುದು ಒಳಗಿರುವ ಕಾಗದ. ಯಂತ್ರವಿದ್ದಾಗ ಕಾಗದದ ಗೊಡವೆ ಏಕೆ ಎನ್ನುವವರ ಮಾತನ್ನು ನಾನು ಒಪ್ಪದಿರುವುದು ಈ ಕಾರಣಕ್ಕೇ.

ಮಡಚುವ ಕೆಲಸಕ್ಕೆ ನೀರಿನಲ್ಲಿ ಕರಗುವ ಅಂಟುಕಡ್ಡಿ ಸಾಕು, ಆದರೆ ಅಂಟನ್ನು ಅಂಚಿನವರೆಗೆ ಬಳಿಯಬಾರದು. ಮಡಿಕೆಯಿಂದ ಸುಮಾರು ಮೂರು ಮಿಲಿಮೀಟರ್ ಒಳಗೆ, ಪ್ರತಿ ಭುಜಕ್ಕೆ ಒಂದು ಸಣ್ಣ ಗೆರೆ ಎಳೆದರೆ ಸೂಜಿಗೆ ಅಂಟು ಹತ್ತುವುದಿಲ್ಲ. ಸೂಜಿಗೆ ಅಂಟು ಹತ್ತಿದರೆ ಹೊಲಿಗೆ ತಪ್ಪುತ್ತದೆ, ದಾರ ಕೂದಲೆಳೆಯಾಗಿ ಸಿಬಿರುತ್ತದೆ. ಮೇಲ್ಭುಜದಿಂದ ಆರಂಭಿಸಿ ಒಂದೇ ದಿಕ್ಕಿನಲ್ಲಿ ಸುತ್ತುತ್ತ, ಪ್ರತಿ ಮಡಿಕೆಯನ್ನು ಹೆಬ್ಬೆರಳ ಉಗುರಿನಿಂದ ಗೀರಿ, ಮೂಲೆಯಲ್ಲಿ ಬಟ್ಟೆ ಕಾಗದದ ತುದಿಯನ್ನು ಬಿಗಿಯಾಗಿ ಅಪ್ಪಿದೆಯೇ ಎಂದು ಬೆರಳ ತುದಿಯಿಂದ ಮುಟ್ಟಿ ನೋಡುತ್ತೇನೆ. ಕಣ್ಣಿಗೆ ಕಾಣದ ಪೊಳ್ಳು ಬೆರಳಿಗೆ ತಿಳಿಯುತ್ತದೆ. ಷಟ್ಕೋನದ ಮೂಲೆ 120 ಡಿಗ್ರಿ ಅಗಲವಾಗಿರುವುದರಿಂದ ಮಡಚಿದ ಬಟ್ಟೆಯ ಬಾಲಗಳು ಹೊರಗೆ ಚಾಚುವುದಿಲ್ಲ. ಹೊಸಬರು ಈ ಆಕಾರದಿಂದಲೇ ಆರಂಭಿಸಲಿ ಎಂದು ನಾನು ಹೇಳುವುದು ಇದಕ್ಕಾಗಿ.

ಇನ್ನು ಕೂಡಿಸುವ ಕೆಲಸ. ಎರಡು ತುಂಡುಗಳ ಮುಖಗಳನ್ನು ಎದುರುಬದುರಾಗಿಸಿ ಅಂಚಿನಲ್ಲಿ ಹೊಲಿದು ಬಿಡಿಸುವ ಕ್ರಮವೂ ಉಂಟು, ಆದರೆ ಅದರಲ್ಲಿ ಪ್ರತಿ ಮೂಲೆಯಲ್ಲೂ ಕಾಗದವನ್ನು ಮಡಚಬೇಕು, ಅಂಚಿನಲ್ಲಿ ಏಣು ಎದ್ದು ಕಾಣುತ್ತದೆ. ನಾನು ತುಂಡುಗಳನ್ನು ಮುಖ ಮೇಲಾಗಿ ಅಕ್ಕಪಕ್ಕ ಇಟ್ಟು, ಎರಡೂ ಅಂಚುಗಳು ಮುಟ್ಟಿದ ಗೆರೆಯನ್ನು, ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದದ ನಟ್ಟನಡುವೆ ತಂದು, ಸೂಜಿ ಒಮ್ಮೆ ಎಡ ತುಂಡಿಗೆ, ಒಮ್ಮೆ ಬಲ ತುಂಡಿಗೆ ಇಳಿಯುವಂತೆ ಹೊಲಿಯುತ್ತೇನೆ. ಅಗಲ ಒಂದೂವರೆಯಿಂದ ಎರಡು ಮಿಲಿಮೀಟರ್, ಹೊಲಿಗೆಯ ಉದ್ದ ಸುಮಾರು ಒಂದೂವರೆ ಮಿಲಿಮೀಟರ್ ಇರಲಿ. ಮೇಲಿನ ದಾರದ ಟೆನ್ಷನ್ ತುಸು ಸಡಿಲವಿದ್ದರೆ ಅಂಚುಗಳು ಒಂದರ ಮೇಲೊಂದು ಏರುವುದಿಲ್ಲ. ಮುಂಭಾಗ ತೆರೆದಿರುವ ಪಾದವನ್ನು ಹಾಕಿಕೊಂಡರೆ ಅಂಚುಗಳು ಕೂಡುವುದು ಕಣ್ಣೆದುರೇ ಕಾಣುತ್ತದೆ. ಆರಂಭದಲ್ಲೂ ಕೊನೆಯಲ್ಲೂ ಹಿಂದುಹೊಲಿಗೆ ಹಾಕುವ ಬದಲು ಉದ್ದವನ್ನು ಬಹುತೇಕ ಸೊನ್ನೆಗೆ ಇಳಿಸಿ ಮೂರ್ನಾಲ್ಕು ಹೊಲಿಗೆ ಹಾಕಿದರೆ ಮೂಲೆಯಲ್ಲಿ ಗಂಟು ಉಬ್ಬುವುದಿಲ್ಲ.

ದಾರದ ವಿಚಾರದಲ್ಲಿ ನನ್ನ ಒಲವು ಸಣ್ಣ ಎಳೆಯ ಮಸುಕು ಬೂದು ಬಣ್ಣದ ಕಡೆಗೆ. ಹಲವು ಬಣ್ಣಗಳ ನಡುವೆ ಬೂದು ಅಡಗಿಕೊಳ್ಳುವಷ್ಟು ಬಿಳಿಯಾಗಲಿ ಕಪ್ಪಾಗಲಿ ಅಡಗುವುದಿಲ್ಲ. ಪಾರದರ್ಶಕ ನೈಲಾನ್ ದಾರ ಬಿಸಿ ಇಸ್ತ್ರಿಗೆ ಕರಗುವುದರಿಂದ ಅದನ್ನು ಬಳಸುವುದಿಲ್ಲ. ಸೂಜಿ 11ನೇ ನಂಬರಿನದು. ಕಾಗದ ಚುಚ್ಚುವ ಸೂಜಿ ಬೇಗ ಮೊಂಡಾಗುತ್ತದೆ. ಚುಚ್ಚುವ ಸದ್ದು ಗಡುಸಾಯಿತೆಂದರೆ ಸೂಜಿ ಬದಲಿಸುವ ಹೊತ್ತು ಬಂತೆಂದೇ ಅರ್ಥ. ಬಾಬಿನ್ ಕೇಸಿನ ಸುತ್ತ ಕಾಗದದ ಪುಡಿ ಸೇರುವುದರಿಂದ ಪ್ರತಿ ಬಾಬಿನ್ ಮುಗಿದಾಗ ಬ್ರಶ್ಶಿನಿಂದ ತೆಗೆಯಬೇಕು.

ಯಂತ್ರಕ್ಕೆ ಸಾಲಿನ ಕ್ರಮವೇ ಸರಿ. ಕೈಹೊಲಿಗೆಯಲ್ಲಿ ನಡುವಿನ ಒಂದು ತುಂಡಿನ ಸುತ್ತ ಆರು, ಅದರ ಸುತ್ತ ಹನ್ನೆರಡು ಎಂದು ಹೂವು ಬೆಳೆಯುತ್ತ ಹೋಗುತ್ತದೆ. ಅದೇ 19 ತುಂಡುಗಳ ಹೂವನ್ನು ಸಾಲುಗಳಾಗಿ ಒಡೆದರೆ 3, 4, 5, 4, 3 ಎಂದು ಐದು ಸಾಲುಗಳಾಗುತ್ತವೆ. ಆದ್ದರಿಂದ ಇಡೀ ವಿನ್ಯಾಸವನ್ನು ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಪ್ರತಿ ಸಾಲಿನ ಎಡ ತುಂಡಿಗೆ ಸಾಲಿನ ಸಂಖ್ಯೆಯ ಚೀಟಿ ಚುಚ್ಚಿ, ಸಾಲುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ. ಮೊದಲು ಲಂಬ ಭುಜಗಳನ್ನು ಕೂಡಿಸಿದರೆ ಸಾಲು ಸಿದ್ಧ. ಆಮೇಲೆ ಎರಡು ಸಾಲುಗಳನ್ನು ಗರಗಸದ ಹಲ್ಲುಗಳಂತೆ ಒಂದರೊಳಗೊಂದು ಕೂರಿಸಿ, ಒಂದೂವರೆ ಇಂಚು ಹೊಲಿದು, ಮೂರು ತುಂಡುಗಳು ಸೇರುವ ಬಿಂದುವಿನಲ್ಲಿ ಸೂಜಿಯನ್ನು ಕೆಳಗೇ ಇಳಿಸಿ ನಿಲ್ಲಿಸಿ, ಪಾದ ಎತ್ತಿ, 60 ಡಿಗ್ರಿ ತಿರುಗಿಸಿ, ಮುಂದಿನ ಅಂಚುಗಳನ್ನು ಬೆರಳಿನಿಂದ ಹತ್ತಿರ ತಂದು ಪಾದ ಇಳಿಸಬೇಕು. ಎಲ್ಲವೂ ಮೇಜಿನ ಮೇಲೆ ಮಟ್ಟಸವಾಗಿಯೇ ಇರುವುದರಿಂದ, ನೇರ ಹೊಲಿಗೆಯವರಿಗೆ ತಲೆನೋವಾಗುವ ಒಳಮೂಲೆಯ ಹೊಲಿಗೆ ಇಲ್ಲಿ ಬರುವುದೇ ಇಲ್ಲ. ಸಾಲಿನ ನಡುವಿನಿಂದ ಒಂದು ತುದಿಗೆ, ಮತ್ತೆ ನಡುವಿನಿಂದ ಇನ್ನೊಂದು ತುದಿಗೆ ಹೊಲಿದರೆ ಉಳಿದ ಸಣ್ಣಪುಟ್ಟ ವ್ಯತ್ಯಾಸವೂ ಎರಡು ಕಡೆಗೆ ಹಂಚಿಹೋಗುತ್ತದೆ.

ಪೂರ್ತಿ ಹೊದಿಕೆಯನ್ನು ಒಂದೇ ಹಾಸಾಗಿ ಹೊಲಿಯಹೋದರೆ ಕಾಗದ ತುಂಬಿದ ಬಟ್ಟೆ ಯಂತ್ರದ ಕತ್ತಿನಡಿ ಹಿಡಿಸುವುದಿಲ್ಲ. ಹತ್ತು ಹತ್ತು ಸಾಲುಗಳ ನಾಲ್ಕು ಹಾಸುಗಳನ್ನು ಮಾಡಿ, ಆರೂ ಭುಜ ಹೊಲಿಗೆಯಾದ ಒಳಗಿನ ತುಂಡುಗಳ ಕಾಗದ ತೆಗೆದು, ಅಂಚಿನ ತುಂಡುಗಳಲ್ಲಿ ಮಾತ್ರ ಕಾಗದ ಉಳಿಸಿಕೊಂಡು ಹಾಸುಗಳನ್ನು ಕೂಡಿಸುತ್ತೇನೆ. ಕಾಗದ ತೆಗೆಯುವ ಮೊದಲು ಹಿಂಬದಿಗೆ ಸ್ವಲ್ಪ ನೀರು ಸಿಂಪಡಿಸಿದರೆ ಅಂಟು ಸಡಿಲವಾಗುತ್ತದೆ. ಮಾರ್ಜಿನ್ ಎತ್ತಿ, ಕಾಗದದ ನಡುವನ್ನು ಹಿಡಿದು ಒಳಮುಖವಾಗಿ ಎಳೆದರೆ ಅದು ಸೂಜಿ ಚುಚ್ಚಿದ ಗೆರೆಯಲ್ಲೇ ಹರಿದು ಬರುತ್ತದೆ. ಮಡಿಕೆಯೊಳಗೆ ಉಳಿಯುವ ಕೂದಲಗಲದ ಕಾಗದ ಒಗೆತದಲ್ಲಿ ಮೆತ್ತಗಾಗುತ್ತದೆ. ಲೇಪನವಿಲ್ಲದ ಹಾಳೆಯೇ ಬೇಕೆಂದದ್ದು ಈ ಕಾರಣಕ್ಕೂ ಹೌದು.

ನೇರ ಹೊಲಿಗೆ ಮಾತ್ರ ಬರುವ ಹಳೆಯ ಕಾಲ್ತುಳಿ ಯಂತ್ರವಿದ್ದವರಿಗೆ ಬೇರೆ ದಾರಿ ಇದೆ. ಷಟ್ಕೋನವನ್ನು ಎದುರುಬದುರು ಮೂಲೆಗಳ ನಡುವೆ ಎರಡು ಹೋಳು ಮಾಡಿ, ಒಂದೇ ಬಟ್ಟೆಯ ಎರಡು ಹೋಳುಗಳು ಮೇಲಿನ ಮತ್ತು ಕೆಳಗಿನ ಸಾಲಿನಲ್ಲಿ ಎದುರಾಗುವಂತೆ ಸಾಲುಗಳನ್ನು ಹೊಲಿದರೆ, ಸಾಲುಗಳನ್ನು ನೇರ ಗೆರೆಯಲ್ಲೇ ಕೂಡಿಸಬಹುದು. ಪ್ರತಿ ಷಟ್ಕೋನದ ನಡುವೆ ಒಂದು ಹೊಲಿಗೆ ಹಾಯುತ್ತದೆ. ಹೂವಿನ ಬಟ್ಟೆಯಲ್ಲಿ ಅದು ಕಾಣುವುದಿಲ್ಲ, ಬರಿ ಬಣ್ಣದ ಬಟ್ಟೆಯಲ್ಲಿ ಕಾಣುತ್ತದೆ.

ಮೇಲ್ಹಾಸು ಮುಗಿದ ಮೇಲೆ ಹತ್ತಿಯ ಹಂಜಿಯ ಬದಲು ನಾನು ಕೌದಿಯ ರೀತಿಯಲ್ಲೇ ಎರಡು ಪದರ ಹಳೆಯ ಧೋತರ, ಕೆಳಗೆ ಒಂದು ಸೀರೆ ಇಡುತ್ತೇನೆ. ಧಾರವಾಡದ ಚಳಿಗೆ ಅಷ್ಟು ಸಾಕು. ಜಿಗ್‌ಜಾಗ್‌ನ ಸಂದುಗಳಿಗೆ ಬಲ ಬರುವುದು ಪದರಗಳನ್ನು ಸೇರಿಸುವ ಹೊಲಿಗೆಯಿಂದ. ಆದ್ದರಿಂದ ಪ್ರತಿ ತುಂಡಿನೊಳಗೆ, ಅಂಚಿನಿಂದ ಕಾಲು ಇಂಚು ಬಿಟ್ಟು ಓಡುಹೊಲಿಗೆ ಬೀಳಲೇಬೇಕು. ಅದನ್ನು ಮಾತ್ರ ನಾನು ಕೈಯಲ್ಲಿ ಹಾಕುತ್ತೇನೆ. ಸುತ್ತಲಿನ ಚೂಪುಗಳನ್ನು ನೇರ ಅಂಚಿಗೆ ಕತ್ತರಿಸುವ ಮೊದಲು, ಕತ್ತರಿಸುವ ಗೆರೆಯ ಒಳಗೆ ಒಂದು ನೇರ ಹೊಲಿಗೆ ಹಾಕಿಕೊಂಡರೆ ಸಂದುಗಳು ಬಿಚ್ಚಿಕೊಳ್ಳುವುದಿಲ್ಲ. ಅದರ ಮೇಲೆ ಪಟ್ಟಿ ಕೂರಿಸಿ, ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ಮಟ್ಟಸವಾಗಿ ಹರಡಿ ಒಣಗಿಸುತ್ತೇನೆ. ಒಣಗಿದ ಮೇಲೆ ಬೆಳಕಿಗೆ ಎದುರಾಗಿ ಹಿಡಿದು ನೋಡಿ, ಎಲ್ಲಾದರೂ ಸಂದು ಬಿಟ್ಟುಕೊಂಡಿದ್ದರೆ ಅದೇ ಬೂದು ದಾರದಿಂದ ಕೈಯಲ್ಲಿ ನಾಲ್ಕು ಹೊಲಿಗೆ ಹಾಕಿ ಮುಚ್ಚುತ್ತೇನೆ.